ಇಎಸ್‌ಎ ಕರಾರಿಗೆ ಸಹಿ ಹಾಕಲಾ, ಬೇಡವಾ? ಅರಿಜೋನಾದಲ್ಲಿರುವ ಅಪ್ಪ ಅಮ್ಮಂದಿರು ದಯವಿಟ್ಟು ಹೇಳಿ

ಗಿಲ್ಬರ್ಟ್_ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಫೀನಿಕ್ಸ್ ಪಕ್ಕದ ಗಿಲ್ಬರ್ಟ್‌ನಲ್ಲಿದ್ದೇವೆ. ಇಎಸ್‌ಎ ಅಂದರೆ ಸರ್ಕಾರಿ ಶಾಲೆಗೆ ಹೋಗದ ಮಗುವಿನ ಓದಿಗೆ ರಾಜ್ಯ ದುಡ್ಡು ಹಾಕುವ ಖಾತೆ, ಅದರ ಬಗ್ಗೆ ಕೇಳಬೇಕಿತ್ತು. ಮಗನಿಗೆ ಎಂಟು ವರ್ಷ, ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಅವನಿಗೆ ಡಿಸ್ಲೆಕ್ಸಿಯಾ, ಅಂದರೆ ಓದಲು ಬರೆಯಲು ಕಷ್ಟವಾಗುವ ತೊಂದರೆ, ಇದೆ. ಲೆಕ್ಕದಲ್ಲಿ ಚುರುಕು. ಅಜ್ಜಿ ಫೋನಿನಲ್ಲಿ ಹೇಳಿದ ಕಥೆಯನ್ನು ಒಂದು ಮಾತೂ ಬಿಡದೆ ತಂಗಿಗೆ ಹೇಳುತ್ತಾನೆ. ಪುಸ್ತಕ ಕೈಗೆ ಕೊಟ್ಟರೆ ಮಾತ್ರ ಹೊಟ್ಟೆನೋವು ಅನ್ನುತ್ತಾನೆ.

ಅವನ ಐಇಪಿಯಲ್ಲಿ, ಅಂದರೆ ಶಾಲೆಯವರು ಅವನಿಗಾಗಿಯೇ ಬರೆದ ಕಲಿಕೆಯ ಯೋಜನೆಯಲ್ಲಿ, ವಾರಕ್ಕೆ ನಾಲ್ಕು ದಿನ ಅರ್ಧರ್ಧ ಗಂಟೆ ಓದಿನ ವಿಶೇಷ ಪಾಠ ಅಂತ ಇದೆ. ಹೋದ ವರ್ಷ ಅದನ್ನು ಹೇಳಿಕೊಡುತ್ತಿದ್ದ ಟೀಚರ್ ದೇವರಂಥವರು. ಅಕ್ಟೋಬರ್‌ನಲ್ಲಿ ಅವರು ಕೆಲಸ ಬಿಟ್ಟರು. ಆ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಬದಲಿ ಟೀಚರ್ ಬರುತ್ತಾರೆ, ಹಾಳೆ ಕೊಡುತ್ತಾರೆ, ಹೋಗುತ್ತಾರೆ. ಹೋದ ಶನಿವಾರ ಒಗೆಯಲು ಹಾಕೋಣ ಅಂತ ಮಗನ ಬ್ಯಾಗ್ ಖಾಲಿ ಮಾಡಿದೆ. ತಳದಲ್ಲಿ ಹನ್ನೊಂದು ಹಾಳೆ ಸಿಕ್ಕವು. ಎಲ್ಲದರ ಮೇಲೂ ಅವನ ಹೆಸರು ಸರಿಯಾಗಿ ಬರೆದಿದೆ. ಅದರ ಕೆಳಗೆ ಏನೂ ಇಲ್ಲ. ಎರಡು ಹಾಳೆಯಲ್ಲಿ ಪೆನ್ಸಿಲ್ ಒತ್ತಿ ಒತ್ತಿ ತೂತು ಬಿದ್ದಿತ್ತು. ಅವನ್ನು ನೋಡಿದ ಮೇಲೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸಂಕ್ರಾಂತಿಗೆ ಎಳ್ಳು ಬೀರಲು ಹೋದಾಗ ಮೂರು ಮನೆಯವರು ಒಂದೇ ಮಾತು ಹೇಳಿದರು. "ಇಎಸ್‌ಎ ತಗೊಳ್ಳಿ, ವರ್ಷಕ್ಕೆ ಏಳು ಸಾವಿರ ಡಾಲರ್ ಕೊಡುತ್ತಾರೆ, ಪ್ರೈವೇಟ್ ಶಾಲೆಗೆ ಹಾಕಿ." ಅರ್ಜಿ ಹಾಕಿದೆ, ಒಪ್ಪಿಗೆಯೂ ಬಂತು. ಈಗ ಕರಾರು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದುಕೊಂಡು ಕೂತಿದೆ. ಅದರಲ್ಲಿ ಒಂದು ಸಾಲು ಇದೆ: ಮಗುವಿಗೆ ಶಿಕ್ಷಣ ಕೊಡುವ ಎಲ್ಲ ಹೊಣೆಯಿಂದ ಶಾಲಾ ಡಿಸ್ಟ್ರಿಕ್ಟನ್ನು, ಅಂದರೆ ಇಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವವರನ್ನು, ನಾನು ಬಿಡುಗಡೆ ಮಾಡುತ್ತೇನೆ ಅಂತ. ನಾಲ್ಕು ದಿನದಿಂದ ಆ ಸಾಲಿಗೆ ಬಂದು ನಿಲ್ಲುತ್ತಿದ್ದೇನೆ.

ಯಾರಾದರೂ ಇದನ್ನು ಹಾದು ಬಂದಿದ್ದರೆ ಹೇಳಿ. ಯಜಮಾನರು "ನೀನೇ ನೋಡಿ ತೀರ್ಮಾನ ಮಾಡು" ಅನ್ನುತ್ತಿದ್ದಾರೆ.

ಫ್ರಿಸ್ಕೊ_ಹೊಸಬ

ಮೇಡಂ, ಇದು 529 ಅಕೌಂಟ್ ತರಹದ್ದೇ ಅಲ್ವಾ? ನಾವೇ ದುಡ್ಡು ಹಾಕಿ ಕೂಡಿಡಬೇಕಾ? ನಾವು ಟೆಕ್ಸಸ್‌ಗೆ ಬಂದು ಆರು ತಿಂಗಳಾಯಿತು. ಇಲ್ಲೂ ಆಫೀಸಿನಲ್ಲಿ ಇದೇ ಮಾತು ನಡೆಯುತ್ತಿದೆ.

ಲೆಕ್ಕದ_ಪುಸ್ತಕ

ಫ್ರಿಸ್ಕೊದವರೇ, ಹೆಸರು ಒಂದೇ ತರಹ ಇರುವುದರಿಂದ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಬಿಡಿಸಿ ಹೇಳುತ್ತೇನೆ.

529 ಅಂದರೆ ನಿಮ್ಮದೇ ದುಡ್ಡು. ನೀವು ಹಾಕುತ್ತೀರಿ, ಅದು ಬೆಳೆಯುತ್ತದೆ, ಓದಿಗೆ ತೆಗೆದರೆ ತೆರಿಗೆ ಇಲ್ಲ. ಮೊದಲು ಕಾಲೇಜಿಗೆ ಮಾತ್ರ ಇತ್ತು. 2018ರಿಂದ ಶಾಲೆಯ ಫೀಸಿಗೂ ವರ್ಷಕ್ಕೆ 10 ಸಾವಿರ ಡಾಲರ್‌ವರೆಗೆ ತೆಗೆಯಬಹುದಾಯಿತು. 2026ರಿಂದ ಆ ಮಿತಿ 20 ಸಾವಿರ. ಕವರ್‌ಡೆಲ್ ಅನ್ನುವುದು ಇನ್ನೊಂದು. ಅದಕ್ಕೂ ಚಿಕ್ಕ ಹೆಸರು ಇಎಸ್‌ಎ ಅಂತಲೇ. ಒಂದು ಮಗುವಿಗೆ ವರ್ಷಕ್ಕೆ 2 ಸಾವಿರ ಡಾಲರ್ ಮಾತ್ರ ಹಾಕಬಹುದು. ಅದೂ ನಿಮ್ಮದೇ ದುಡ್ಡು.

ಗಿಲ್ಬರ್ಟ್ ಅಮ್ಮ ಕೇಳುತ್ತಿರುವ ಇಎಸ್‌ಎ ಬೇರೆ. ಅರಿಜೋನಾದಲ್ಲಿ ಅದರ ಪೂರ್ತಿ ಹೆಸರು ಎಂಪವರ್‌ಮೆಂಟ್ ಸ್ಕಾಲರ್‌ಶಿಪ್ ಅಕೌಂಟ್. ಅದು ರಾಜ್ಯದ ಬೊಕ್ಕಸದ ದುಡ್ಡು. ನಿಮ್ಮ ಮಗು ಸರ್ಕಾರಿ ಅಥವಾ ಚಾರ್ಟರ್ ಶಾಲೆಗೆ (ಸರ್ಕಾರದ ದುಡ್ಡಿನಲ್ಲಿ ಬೇರೆ ಸಂಸ್ಥೆಯವರು ನಡೆಸುವ ಶಾಲೆಗೆ) ಹೋಗಿದ್ದರೆ ರಾಜ್ಯ ಎಷ್ಟು ಕೊಡುತ್ತಿತ್ತೋ ಅದರ ಶೇ. 90ರಷ್ಟನ್ನು ನಿಮ್ಮ ಹೆಸರಿನ ಖಾತೆಗೆ ಮೂರು ತಿಂಗಳಿಗೊಮ್ಮೆ ಹಾಕುತ್ತಾರೆ. ವಿಶೇಷ ಅಗತ್ಯ ಇಲ್ಲದ ಮಗುವಿಗೆ ವರ್ಷಕ್ಕೆ ಏಳು ಸಾವಿರದ ಆಸುಪಾಸು. ಕೈಗೆ ನಗದು ಬರುವುದಿಲ್ಲ. ಒಂದು ಆನ್‌ಲೈನ್ ವ್ಯವಸ್ಥೆಯ ಮೂಲಕ ಖರ್ಚು ಮಾಡಬೇಕು. ಫೀಸು, ಟ್ಯೂಷನ್, ಪುಸ್ತಕ, ಥೆರಪಿ, ಇಂಥದ್ದಕ್ಕೆಲ್ಲ ಆಗುತ್ತದೆ. ಚಾರ್ಟರ್ ಶಾಲೆಯೂ ಸರ್ಕಾರದ ದುಡ್ಡಿನ ಶಾಲೆಯೇ. ಹಾಗಾಗಿ ಬೇಸಿಸ್‌ನಲ್ಲೋ ಗ್ರೇಟ್ ಹಾರ್ಟ್ಸ್‌ನಲ್ಲೋ ಮಗು ಓದುತ್ತಿದ್ದರೆ ಇಎಸ್‌ಎ ಸಿಗುವುದಿಲ್ಲ. ಇದು ಗೊತ್ತಿಲ್ಲದೆ ಅರ್ಜಿ ಹಾಕಿದವರನ್ನು ನಮ್ಮ ಗುಂಪಿನಲ್ಲೇ ನೋಡಿದ್ದೇನೆ.

ಟೆಕ್ಸಸ್‌ನಲ್ಲಿ ಗವರ್ನರ್ ಅಬಟ್ 2025ರ ಮೇ 3ರಂದು ಇಂಥದ್ದೇ ಒಂದು ಕಾನೂನಿಗೆ ಸಹಿ ಹಾಕಿದರು. ನೂರು ಕೋಟಿ ಡಾಲರ್ ಇಟ್ಟಿದ್ದಾರೆ. 2026-27ರ ಶಾಲಾ ವರ್ಷದಿಂದ ಶುರು. ಪ್ರೈವೇಟ್ ಶಾಲೆಗೆ ಹೋಗುವ ಮಗುವಿಗೆ ಸುಮಾರು ಹತ್ತು ಸಾವಿರ, ವಿಶೇಷ ಅಗತ್ಯದ ಮಗುವಿಗೆ 30 ಸಾವಿರದವರೆಗೆ, ಮನೆಯಲ್ಲೇ ಓದಿಸುವವರಿಗೆ 2 ಸಾವಿರ. ಅರ್ಜಿ ಜಾಸ್ತಿ ಬಂದರೆ ಯಾರಿಗೆ ಮೊದಲು ಅಂತ ಸರದಿ ಇದೆ. ವಿಶೇಷ ಅಗತ್ಯದ ಮಕ್ಕಳು ಮತ್ತು ಕಡಿಮೆ ಆದಾಯದ ಮನೆಯವರು ಮುಂದೆ. ಇಬ್ಬರೂ ಐಟಿಯಲ್ಲಿರುವ ನಮ್ಮಂಥವರು ಕೊನೆಯಲ್ಲಿ.

ಫ್ರಿಸ್ಕೊ_ಹೊಸಬ

ತುಂಬಾ ಥ್ಯಾಂಕ್ಸ್ ಸರ್. ಈಗ ತಿಳಿಯಿತು.

ತುಮಕೂರು_ಟು_ಟೆಂಪಿ

ಅಕ್ಕ, ನಾನು ಇದನ್ನು ಹಾದು ಬಂದವನು. ನನ್ನ ಅನುಭವ ಹೇಳುತ್ತೇನೆ. ಆದರೆ ನಿಮ್ಮದು ನನ್ನದಕ್ಕಿಂತ ಬೇರೆ ಅನ್ನುವುದನ್ನೂ ನೆನಪಿನಲ್ಲಿಟ್ಟುಕೊಳ್ಳಿ.

ನನ್ನ ಮಗಳಿಗೆ ಆಟಿಸಂ. 2021ರಲ್ಲಿ ಇಎಸ್‌ಎ ತೆಗೆದುಕೊಂಡೆವು. ಆಗ ಇದು ಎಲ್ಲರಿಗೂ ಇರಲಿಲ್ಲ, ಇಂಥ ಮಕ್ಕಳಿಗೆ ಮತ್ತು ಇನ್ನು ಕೆಲವರಿಗೆ ಮಾತ್ರ ಇತ್ತು. ಆಟಿಸಂ ಇರುವ ಮಗುವಿಗೆ ಬರುವ ದುಡ್ಡೇ ಬೇರೆ ಲೆಕ್ಕ. ಮೂವತ್ತು ಸಾವಿರ ಡಾಲರ್ ಆಚೆಗೂ ಹೋಗುತ್ತದೆ. ಅದರಲ್ಲಿ ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ, ಬೆಳಿಗ್ಗೆ ಮೂರು ಗಂಟೆ ಮನೆಗೇ ಬಂದು ಹೇಳಿಕೊಡುವ ಟೀಚರ್, ಎಲ್ಲ ಆಯಿತು. ಮಗಳಿಗೆ ಒಂಬತ್ತು ವರ್ಷ ಆಗುವವರೆಗೆ ನಾವೇ ತುತ್ತು ಕೊಡುತ್ತಿದ್ದೆವು. ಈಗ ತಟ್ಟೆ ತಾನೇ ಇಟ್ಟುಕೊಳ್ಳುತ್ತಾಳೆ, ಅನ್ನ ಬಡಿಸಿಕೊಳ್ಳುತ್ತಾಳೆ, ಸಾರಿನ ಸೌಟನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಬಗ್ಗಿಸುತ್ತಾಳೆ. ಮೊದಲ ಸಲ ಹಾಗೆ ಮಾಡಿದ ದಿನ ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಅದಕ್ಕೇ ಹೇಳುತ್ತೇನೆ, ಈ ಯೋಜನೆ ಸರಿಯಾದ ಮಗುವಿಗೆ ಸರಿಯಾಗಿ ಒದಗಿದರೆ ದೊಡ್ಡ ವರ.

ಕಷ್ಟವೂ ಇದೆ. ಬಿಲ್‌ಗಳ ಕೆಲಸ ಒಂದು ಅರ್ಧ ದಿನದ ನೌಕರಿ ಇದ್ದ ಹಾಗೆ. ಒಮ್ಮೆ ಥೆರಪಿ ಬಿಲ್ಲಿನಲ್ಲಿ ಮಗಳ ಹೆಸರು ಇರಲಿಲ್ಲ, ನನ್ನ ಹೆಸರು ಮಾತ್ರ ಇತ್ತು. ವಾಪಸ್ ಬಂತು. ಸರಿ ಮಾಡಿಸಿ ಕಳಿಸಿ, ದುಡ್ಡು ಕೈಗೆ ಬರುವಷ್ಟರಲ್ಲಿ ಎರಡು ತಿಂಗಳು. ಅಷ್ಟೂ ದಿನ ಕ್ರೆಡಿಟ್ ಕಾರ್ಡಿನಲ್ಲಿ ಎಳೆದೆವು. 2022ರಲ್ಲಿ ಇದನ್ನು ಎಲ್ಲರಿಗೂ ತೆರೆದ ಮೇಲೆ ಅರ್ಜಿಗಳು ಒಮ್ಮೆಗೇ ನುಗ್ಗಿದ್ದರಿಂದ ಬಿಲ್‌ಗಳು ರಾಶಿ ಬಿದ್ದವು. 2024ರ ಡಿಸೆಂಬರ್‌ನಲ್ಲಿ ರಾಜ್ಯದ ಶಿಕ್ಷಣ ಇಲಾಖೆಯವರು 2 ಸಾವಿರ ಡಾಲರ್ ಒಳಗಿನ ಬಿಲ್‌ಗಳನ್ನು ಮೊದಲು ಕೊಟ್ಟು ಆಮೇಲೆ ತಪಾಸಣೆ ಮಾಡುತ್ತೇವೆ ಅಂದರು. ಅದರ ಮೇಲೂ ಜಗಳ ಆಯಿತು. ಅದಕ್ಕೆ ಮುಂಚೆಯೇ, ಇಲ್ಲದ ಮಕ್ಕಳ ಹೆಸರಿನಲ್ಲಿ ದುಡ್ಡು ಎತ್ತಿದವರ ಮೇಲೆ ರಾಜ್ಯದ ಅಟಾರ್ನಿ ಜನರಲ್ ಕೇಸ್ ಹಾಕಿದ್ದರು. ಕದ್ದವರು ಯಾರೋ. ಕಾಗದ ಹಿಡಿದು ಕಾಯುವವರು ನಾವು.

ಈಗ ನಿಮ್ಮ ವಿಷಯ. ಡಿಸ್ಲೆಕ್ಸಿಯಾಗೆ ಸೇರಿಸಿ ಕೊಡುವ ದುಡ್ಡು ತೀರಾ ಕಡಿಮೆ. ಆಟಿಸಂ ಲೆಕ್ಕ ನಿಮಗೆ ಬರುವುದಿಲ್ಲ. ನೀವು ಯೋಚಿಸಿರುವ ಪ್ರೈವೇಟ್ ಶಾಲೆಯ ಫೀಸು ಎಷ್ಟು? ಅದನ್ನು ಮೊದಲು ಹೇಳಿ.

ಗಿಲ್ಬರ್ಟ್_ಅಮ್ಮ

ಓದಿನ ತೊಂದರೆ ಇರುವ ಮಕ್ಕಳಿಗೇ ಅಂತ ಇರುವ ಒಂದು ಶಾಲೆ ನೋಡಿದ್ದೇವೆ. 23 ಸಾವಿರ. ಮಾಮೂಲಿ ಪ್ರೈವೇಟ್ ಶಾಲೆ ಒಂದು 11 ಸಾವಿರಕ್ಕೆ ಇದೆ. ಅಲ್ಲಿಗೆ ಬುಧವಾರ ಹೋಗುತ್ತಿದ್ದೇವೆ.

ಪಾಠದ_ಮೇಡಂ

ಬುಧವಾರಕ್ಕೆ ಮುಂಚೆ ಇದನ್ನು ಓದಿ ತಾಯಿ. ನಾನು ಫೀನಿಕ್ಸ್‌ನ ಒಂದು ಸರ್ಕಾರಿ ಶಾಲೆಯಲ್ಲಿ ವಿಶೇಷ ಅಗತ್ಯದ ಮಕ್ಕಳ ಜೊತೆ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ.

ನೀವು ನಿಂತಿರುವ ಆ ಸಾಲು ಸುಮ್ನೆ ಬರೆದದ್ದಲ್ಲ. ಅಮೆರಿಕದಲ್ಲಿ 1975ರವರೆಗೆ ಎಷ್ಟೋ ಕಡೆ ಇಂಥ ಮಕ್ಕಳನ್ನು "ನಮ್ಮಲ್ಲಿ ಆಗುವುದಿಲ್ಲ" ಅಂತ ಶಾಲೆಯವರು ಬಾಗಿಲಲ್ಲೇ ಕಳಿಸಬಹುದಿತ್ತು. ಆ ವರ್ಷ ಒಂದು ಫೆಡರಲ್ ಕಾನೂನು ಬಂತು. ಈಗ ಅದನ್ನು ಐಡಿಯಾ ಅನ್ನುತ್ತಾರೆ. ಅದರ ಪ್ರಕಾರ ಸರ್ಕಾರಿ ಶಾಲೆ ನಿಮ್ಮ ಮಗನಿಗೆ ಅವನಿಗೆ ತಕ್ಕ ಶಿಕ್ಷಣವನ್ನು ಬಿಟ್ಟಿಯಾಗಿ ಕೊಡಲೇಬೇಕು. ಟೀಚರ್ ಇಲ್ಲ ಅನ್ನುವುದು ಕಾರಣ ಆಗುವುದಿಲ್ಲ. ದುಡ್ಡಿಲ್ಲ ಅನ್ನುವುದೂ ಕಾರಣ ಆಗುವುದಿಲ್ಲ. ಐಇಪಿ ಅನ್ನುವುದು ಶಾಲೆಯವರು ಕೊಟ್ಟ ಕಾಗದದ ಮಾತು, ಅದನ್ನು ಹಿಡಿದು ನೀವು ಕೇಳಬಹುದು. ಪ್ರೈವೇಟ್ ಶಾಲೆಗೆ ಹೋದ ಮೇಲೆ ಆ ಮಾತು ಯಾರ ಮೇಲೂ ಇರುವುದಿಲ್ಲ. ಅಲ್ಲಿ ನೀವು ಗಿರಾಕಿ ಅಷ್ಟೇ. ಇಷ್ಟವಾದರೆ ಇಟ್ಟುಕೊಳ್ಳುತ್ತಾರೆ, ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ಸೀಟಿಲ್ಲ ಅನ್ನುತ್ತಾರೆ.

ಇನ್ನೊಂದು ಮಾತು. ಸಹಿ ಹಾಕಿದರೆ ಬಾಗಿಲು ಜೀವಮಾನಕ್ಕೆ ಮುಚ್ಚಿತು ಅಂತ ಅಲ್ಲ. ಇಎಸ್‌ಎ ಬಿಟ್ಟು ಸರ್ಕಾರಿ ಶಾಲೆಗೆ ವಾಪಸ್ ಬಂದರೆ ಸೇರಿಸಿಕೊಳ್ಳಲೇಬೇಕು, ಹಕ್ಕೂ ವಾಪಸ್ ಬರುತ್ತದೆ. ಆದರೆ ಹೊರಗಿದ್ದ ದಿನಗಳ ಪಾಠವನ್ನು ಯಾರ ಹತ್ತಿರವೂ ಕೇಳುವ ಹಾಗಿಲ್ಲ.

ಮತ್ತೆ ಈಗ ತಪ್ಪಿಹೋಗಿರುವ ಪಾಠ ಇದೆಯಲ್ಲ, ಅಕ್ಟೋಬರ್‌ನಿಂದ? ಅದು ಶಾಲೆಯ ಮೇಲಿರುವ ಸಾಲ. ವಾರಕ್ಕೆ ಎರಡು ಗಂಟೆಯಂತೆ ಲೆಕ್ಕ ಹಾಕಿ. ಆ ಗಂಟೆಗಳನ್ನು ತುಂಬಿಕೊಡಿ ಅಂತ ಬರೆದು ಕೇಳಿ. ಬಾಯಿಮಾತಲ್ಲಿ ಬೇಡ, ಇಮೇಲ್‌ನಲ್ಲಿ. ಐಇಪಿ ಸಭೆ ಕರೆಯಿರಿ ಅಂತ ಯಾವಾಗ ಬೇಕಾದರೂ ಕೇಳುವ ಹಕ್ಕು ನಿಮಗಿದೆ. ಆಗಲೂ ಕೊಡದಿದ್ದರೆ ರಾಜ್ಯದ ಶಿಕ್ಷಣ ಇಲಾಖೆಗೆ ದೂರು ಕೊಡಬಹುದು. ಅದಕ್ಕೆ ವಕೀಲರು ಬೇಕಾಗಿಲ್ಲ. 60 ದಿನದೊಳಗೆ ತೀರ್ಮಾನ ಮಾಡಬೇಕು. ಫೀನಿಕ್ಸ್‌ನಲ್ಲಿ ರೈಸಿಂಗ್ ಸ್ಪೆಷಲ್ ಕಿಡ್ಸ್ ಅನ್ನುವ ಸಂಸ್ಥೆ ಇದೆ. ಅಪ್ಪ ಅಮ್ಮಂದಿರಿಗೆ ಇದನ್ನೆಲ್ಲ ದುಡ್ಡಿಲ್ಲದೆ ಹೇಳಿಕೊಡುತ್ತಾರೆ. ಫೋನ್ ಮಾಡಿ.

ಮೆಸಾ_ಮನೆಪಾಠ

ಪಾಠದ ಮೇಡಂ ಹೇಳಿದ್ದು ಕಾನೂನಿನ ಪ್ರಕಾರ ಸರಿ ಇರಬಹುದು. ಆದರೆ ಆ ಹನ್ನೊಂದು ಹಾಳೆ ನೋಡಿ. ಹಕ್ಕು ಕಾಗದದಲ್ಲಿದೆ, ಪಾಠ ನಡೆದಿಲ್ಲ. ಎಂಟು ವರ್ಷದ ಮಗುವಿಗೆ ಒಂದು ವರ್ಷ ಅಂದರೆ ದೊಡ್ಡದು. ದೂರು, ಸಭೆ, 60 ದಿನ ಅಂತ ಕಾಯುತ್ತಾ ಕೂತರೆ ಮಗು ನಾಲ್ಕನೇ ಕ್ಲಾಸಿಗೆ ಬಂದಿರುತ್ತದೆ.

ನಾನು ಇಬ್ಬರು ಮಕ್ಕಳನ್ನು ಮನೆಯಲ್ಲೇ ಓದಿಸುತ್ತಿದ್ದೇನೆ. ಇಎಸ್‌ಎ ಎಲ್ಲರಿಗೂ ಸಿಕ್ಕ ಮೇಲೆ 2023ರಲ್ಲಿ ತೆಗೆದುಕೊಂಡೆವು. ದೊಡ್ಡವನಿಗೆ ಮೈಕ್ರೊಸ್ಕೋಪ್ ಬಂತು, ಗಣಿತಕ್ಕೆ ಒಳ್ಳೆಯ ಪುಸ್ತಕಗಳು ಬಂದವು, ಚಿಕ್ಕವಳು ಪಿಯಾನೋ ಕಲಿಯುತ್ತಿದ್ದಾಳೆ. ಪೇಪರಿನವರು ಇಎಸ್‌ಎ ದುಡ್ಡಲ್ಲಿ ಲೆಗೊ ಆಟಿಕೆ, ಸ್ಕೀ ಪಾಸ್ ಕೊಂಡರು ಅಂತ ಬರೆದು ನಮ್ಮನ್ನೆಲ್ಲ ಒಂದೇ ಸಾಲಿಗೆ ನಿಲ್ಲಿಸಿದರು. ತುಂಬಾ ಬೇಜಾರಾಯಿತು. ನಾವೂ ತೆರಿಗೆ ಕಟ್ಟುತ್ತೇವೆ. ನಮ್ಮ ಮಕ್ಕಳ ಪಾಲು ನಮ್ಮ ಮಕ್ಕಳ ಜೊತೆ ಬರುವುದರಲ್ಲಿ ತಪ್ಪೇನಿದೆ? ಒಳ್ಳೆಯ ಶಾಲೆ ಇರುವ ಏರಿಯಾದಲ್ಲಿ ಮನೆ ಕೊಳ್ಳುವ ಶಕ್ತಿ ಇದ್ದವರು ಯಾವತ್ತೂ ಆರಿಸಿಕೊಂಡೇ ಬಂದಿದ್ದಾರೆ. ಅದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಇಲ್ಲಿರುವ ನಮ್ಮ ಜನರಲ್ಲಿ ಎಷ್ಟು ಮಂದಿ ಶಾಲೆಯ ರೇಟಿಂಗ್ ನೋಡಿಯೇ ಮನೆ ಕೊಂಡಿಲ್ಲ ಹೇಳಿ.

ಪಾಠದ_ಮೇಡಂ

ಮೆಸಾದವರೇ, ನಿಮ್ಮ ಮಕ್ಕಳು ಚೆನ್ನಾಗಿ ಕಲಿಯುತ್ತಿರುವುದು ನನಗೂ ಖುಷಿ. ಮನೆ ಕೊಳ್ಳುವ ವಿಷಯ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಆದರೆ ಪಾಲು ಅನ್ನುವ ಲೆಕ್ಕದಲ್ಲಿ ಒಂದು ತೊಡಕಿದೆ. ನನ್ನ ಶಾಲೆಯಲ್ಲಿ 25 ಮಕ್ಕಳ ಕ್ಲಾಸಿನಿಂದ ಮೂವರು ಹೋದರು. ಟೀಚರ್ ಸಂಬಳ ಅಷ್ಟೇ ಇದೆ. ಬಸ್ಸು ಅದೇ ದಾರಿಯಲ್ಲಿ ಓಡಬೇಕು. ಮೇ ತಿಂಗಳ ಬಿಸಿಲಿಗೆ ಏಸಿ ಅಷ್ಟೇ ಉರಿಯಬೇಕು. ದುಡ್ಡು ಮಾತ್ರ ಮೂರು ಮಕ್ಕಳದ್ದು ಕಡಿಮೆ ಬಂತು. ಮೊದಲು ಹೋದದ್ದು ಲೈಬ್ರರಿಯವರು. ಆಮೇಲೆ ಕೌನ್ಸೆಲರ್ ಎರಡು ಶಾಲೆಗೆ ಒಬ್ಬರಾದರು. ಗಿಲ್ಬರ್ಟ್ ಅಮ್ಮನ ಮಗನಿಗೆ ಹೇಳಿಕೊಡುತ್ತಿದ್ದಂಥ ಟೀಚರ್‌ಗಳು ಯಾಕೆ ನಿಲ್ಲುವುದಿಲ್ಲ ಅಂದರೆ ಇದೂ ಒಂದು ಕಾರಣ. ಒಬ್ಬರ ಮೇಲೆ ಇಬ್ಬರ ಕೆಲಸ ಬೀಳುತ್ತದೆ.

ದಕ್ಷಿಣ ಫೀನಿಕ್ಸ್‌ನ ರೂಸ್ವೆಲ್ಟ್ ಡಿಸ್ಟ್ರಿಕ್ಟ್‌ನವರು 2024ರ ಡಿಸೆಂಬರ್‌ನಲ್ಲಿ ಐದು ಶಾಲೆ ಮುಚ್ಚುವ ತೀರ್ಮಾನ ಮಾಡಿದರು. ಅದಕ್ಕೆ ಇಎಸ್‌ಎ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಮಕ್ಕಳು ಹುಟ್ಟುವುದೇ ಕಡಿಮೆಯಾಗಿದೆ, ಬಾಡಿಗೆ ಏರಿ ಜನ ಊರಾಚೆ ಹೋಗಿದ್ದಾರೆ, ಚಾರ್ಟರ್ ಶಾಲೆಗಳಿಗೆ 1994ರಲ್ಲೇ ಕಾನೂನು ಬಂದಿದೆ. ಎಲ್ಲ ಸೇರಿ ಆಗಿದ್ದು. ಆದರೆ ಶಾಲೆ ಮುಚ್ಚಿದಾಗ ಕಾರಿಲ್ಲದ ಮನೆಯವರು ಎಲ್ಲಿಗೆ ಹೋಗಬೇಕು? ಅವರ ಕೈಯಲ್ಲಿ ಏಳು ಸಾವಿರ ಇಟ್ಟರೂ ಹತ್ತಿರದಲ್ಲಿ ಪ್ರೈವೇಟ್ ಶಾಲೆ ಇರಬೇಕಲ್ಲ.

ಇನ್ನೊಂದು. 2022ರಲ್ಲಿ ಎಲ್ಲರಿಗೂ ತೆರೆದಾಗ ಬಂದ ಮೊದಲ ಅರ್ಜಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಅರಿಜೋನಾದ ಸರ್ಕಾರಿ ಶಾಲೆಯಲ್ಲಿ ಓದಿದ ದಾಖಲೆಯೇ ಇಲ್ಲದ ಮಕ್ಕಳದ್ದು. ಅಂದರೆ ಮೊದಲೇ ಪ್ರೈವೇಟ್ ಶಾಲೆಯಲ್ಲೋ ಮನೆಯಲ್ಲೋ ಓದುತ್ತಿದ್ದವರು, ಇಲ್ಲವೇ ಆಗಷ್ಟೇ ಓದು ಶುರು ಮಾಡುವವರು. ಇಷ್ಟು ದಿನ ಅವರಿಗೆ ರಾಜ್ಯ ಕೊಡುತ್ತಿರಲಿಲ್ಲ. ಅದು ಹೊಸ ಖರ್ಚು.

ಲೆಕ್ಕದ_ಪುಸ್ತಕ

ಇದಕ್ಕೆ ಸ್ವಲ್ಪ ಹಿಂದಿನ ಕಥೆ ಸೇರಿಸುತ್ತೇನೆ. ನಾನು 2007ರಿಂದ ಇಲ್ಲಿದ್ದೇನೆ, ಎಲ್ಲ ಕಣ್ಣೆದುರಿಗೇ ಆಗಿದ್ದು.

ವೌಚರ್, ಅಂದರೆ ಪ್ರೈವೇಟ್ ಶಾಲೆಯ ಫೀಸಿಗೆ ಸರ್ಕಾರ ದುಡ್ಡು ಕೊಡುವುದು, ಹಳೆಯ ವಿಚಾರ. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲೇ ಬರೆದಿದ್ದರು. ಮಿಲ್ವಾಕಿ ಊರಿನಲ್ಲಿ 1990ರಲ್ಲಿ ಬಡ ಮನೆಯ ಮಕ್ಕಳಿಗೆ ಅಂತ ಶುರುವಾಯಿತು. ಅರಿಜೋನಾದಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆ ಮತ್ತು ಸಾಕು ಮನೆಯಲ್ಲಿರುವ ಮಕ್ಕಳಿಗೆ ವೌಚರ್ ಇತ್ತು. 2009ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಪ್ರೈವೇಟ್ ಶಾಲೆಗೆ ಸರ್ಕಾರದ ದುಡ್ಡು ಕೊಡಬಾರದು ಅಂತ ಇಲ್ಲಿನ ಸಂವಿಧಾನದಲ್ಲಿದೆ. ಆಗ ಹೊಳೆದ ದಾರಿಯೇ ಇಎಸ್‌ಎ. ದುಡ್ಡನ್ನು ಶಾಲೆಗೆ ಕೊಡುವುದು ಬೇಡ, ತಾಯಿತಂದೆಯ ಖಾತೆಗೆ ಹಾಕೋಣ, ಎಲ್ಲಿ ಖರ್ಚು ಮಾಡಬೇಕು ಅಂತ ಅವರೇ ತೀರ್ಮಾನಿಸಲಿ. 2011ರಲ್ಲಿ ಶುರುವಾಯಿತು. ದೇಶದಲ್ಲೇ ಮೊದಲು. 2013ರಲ್ಲಿ ಮೇಲ್ಮನವಿ ಕೋರ್ಟ್ ಇದು ಸರಿ ಅಂದಿತು.

ಆಮೇಲೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಹಿಗ್ಗಿಸಿದರು. 2017ರಲ್ಲಿ ಎಲ್ಲರಿಗೂ ತೆರೆಯುವ ಕಾನೂನು ಮಾಡಿದಾಗ ಅಮ್ಮಂದಿರು, ಟೀಚರ್‌ಗಳು ಸೇರಿ ಬಿಸಿಲಲ್ಲಿ ನಿಂತು ಸಹಿ ಸಂಗ್ರಹಿಸಿ ಜನರ ಮತಕ್ಕೆ ಹಾಕಿಸಿದರು. 2018ರ ನವೆಂಬರ್‌ನಲ್ಲಿ ಸುಮಾರು ಶೇ. 65 ಜನ ಬೇಡ ಅಂದರು. ನಾಲ್ಕೇ ವರ್ಷಕ್ಕೆ, 2022ರಲ್ಲಿ, ಗವರ್ನರ್ ಡೂಸಿ ಅದೇ ಮಾತನ್ನು ಇನ್ನೊಂದು ಕಾನೂನಿನಲ್ಲಿ ತಂದರು. ಈ ಸಲ ವಿರೋಧಿಗಳಿಗೆ ಬೇಕಾದಷ್ಟು ಸಹಿ ಸಿಗಲಿಲ್ಲ. ಅದಕ್ಕೆ ಮುಂಚೆ ಸುಮಾರು 12 ಸಾವಿರ ಮಕ್ಕಳಿದ್ದರು. 2025ರಲ್ಲಿ 90 ಸಾವಿರ ದಾಟಿತು. ಆಗ ಖರ್ಚು ವರ್ಷಕ್ಕೆ ನೂರು ಕೋಟಿ ಡಾಲರ್ ಹತ್ತಿರ ಬಂದಿತ್ತು.

ನನಗೆ ನೋವಾಗುವುದು ಇಲ್ಲಿ. ಇದು ಶುರುವಾದದ್ದು ಟೆಂಪಿಯವರ ಮಗಳಂಥ ಮಕ್ಕಳಿಗಾಗಿ. ಈಗ ಅವರೇ ಉದ್ದ ಸಾಲಿನ ಹಿಂದೆ ನಿಂತು ಬಿಲ್ಲಿಗೆ ಕಾಯುತ್ತಿದ್ದಾರೆ.

ಬಸವನಗುಡಿ_ಅತ್ತೆ

ನಾನು ಬೆಂಗಳೂರಿನಲ್ಲಿದ್ದೇನೆ. ಅಣ್ಣನ ಮಗ ಚಾಂಡ್ಲರ್‌ನಲ್ಲಿದ್ದಾನೆ, ಅವನು ಈ ಚರ್ಚೆ ಕಳಿಸಿದ. ಓದಿ ನಮ್ಮ ಆರ್‌ಟಿಇ ಸೀಟುಗಳ ನೆನಪಾಯಿತು. ಒಂದು ವ್ಯತ್ಯಾಸ ಕಣ್ಣಿಗೆ ಬಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಗೆ ಹೂವು ಕೊಡುವ ಹೆಂಗಸಿನ ಮಗಳಿಗೆ 2014ರಲ್ಲಿ ನಾನೇ ಅರ್ಜಿ ತುಂಬಿಕೊಟ್ಟೆ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಪ್ರೈವೇಟ್ ಶಾಲೆಗಳು ಒಂದನೇ ಕ್ಲಾಸಿನ ಶೇ. 25 ಸೀಟನ್ನು ಬಡ ಮಕ್ಕಳಿಗೆ ಕೊಡಬೇಕು ಅಂತ ಇದೆ. ಫೀಸನ್ನು ಸರ್ಕಾರ ಶಾಲೆಗೆ ತುಂಬಿಕೊಡುತ್ತದೆ. ಲಾಟರಿಯಲ್ಲಿ ಅವಳ ಹೆಸರು ಬಂತು. ಶಾಲೆಯವರಿಗೆ ಇಷ್ಟ ಇರಲಿಲ್ಲ, ಮುಖದಲ್ಲೇ ಗೊತ್ತಾಗುತ್ತಿತ್ತು. ಆದರೂ ಬೇಡ ಅನ್ನುವ ಹಾಗಿರಲಿಲ್ಲ. ಮಗುವಿಗೆ ಪರೀಕ್ಷೆ ಮಾಡುವ ಹಾಗಿಲ್ಲ, ತಾಯಿಯ ಇಂಟರ್‌ವ್ಯೂ ಮಾಡುವ ಹಾಗಿಲ್ಲ, ಡೊನೇಷನ್ ಕೇಳುವ ಹಾಗಿಲ್ಲ. ಅದನ್ನೂ ಕಾಯ್ದೆಯಲ್ಲೇ ಬರೆದಿದೆ. ಆದರೂ ಸ್ಮಾರ್ಟ್ ಕ್ಲಾಸ್ ಅಂತ, ಟೈ ಬೆಲ್ಟ್ ಅಂತ, ಪುಸ್ತಕ ಅಂತ ವರ್ಷಕ್ಕೆ ಎಂಟು ಒಂಬತ್ತು ಸಾವಿರ ರೂಪಾಯಿ ಕೇಳುತ್ತಿದ್ದರು. ಆ ತಾಯಿ ಒಂದು ವರ್ಷ ಓಲೆ ಅಡ ಇಟ್ಟಳು. ಕಾಯ್ದೆ ಎಂಟನೇ ಕ್ಲಾಸಿನವರೆಗೆ ಮಾತ್ರ, ಹಾಗಾಗಿ ಒಂಬತ್ತಕ್ಕೆ ಸರ್ಕಾರಿ ಹೈಸ್ಕೂಲಿಗೆ ಬಂದಳು. ಈಗ ಎರಡನೇ ಪಿಯುಸಿ, ಸೈನ್ಸ್.

ಅವಳ ತಮ್ಮನಿಗೆ ಸೀಟು ಸಿಗಲಿಲ್ಲ. ಅಷ್ಟರಲ್ಲಿ ನಮ್ಮ ಸರ್ಕಾರ ನಿಯಮ ಬದಲಾಯಿಸಿತ್ತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಪ್ರೈವೇಟ್ ಶಾಲೆಯಲ್ಲಿ ಸೀಟಿಲ್ಲ. ಹೈಕೋರ್ಟ್ 2019ರ ಮೇ ತಿಂಗಳಲ್ಲಿ ಅದನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆಯ ಮಕ್ಕಳೆಲ್ಲ ಖಾಲಿಯಾಗುತ್ತಿದ್ದಾರೆ, ಆ ದುಡ್ಡನ್ನು ಅಲ್ಲೇ ಹಾಕೋಣ ಅನ್ನುವ ವಾದ. ಅದರಲ್ಲೂ ಅರ್ಥ ಇದೆ. ನನಗೆ ಇವತ್ತಿಗೂ ಎರಡೂ ಕಡೆ ಮನಸ್ಸು ಎಳೆಯುತ್ತದೆ.

ನಾನು ಹೇಳಬೇಕೆಂದದ್ದು ಇಷ್ಟು. ನಮ್ಮಲ್ಲಿ ಕಾಯ್ದೆ ಸೀಟು ಕೊಟ್ಟಿತು, ದುಡ್ಡು ಆಮೇಲೆ ಶಾಲೆಗೆ ಹೋಯಿತು. ನಿಮ್ಮಲ್ಲಿ ದುಡ್ಡು ಕೊಡುತ್ತಾರೆ, ಸೀಟು ಕೊಡಿಸುವವರು ಯಾರೂ ಇಲ್ಲ. ಆರಿಸಿಕೊಳ್ಳುವುದು ತಾಯಿಯಾ, ಶಾಲೆಯಾ? ಗಿಲ್ಬರ್ಟ್ ಅಮ್ಮ, ಬುಧವಾರ ಇದನ್ನು ಗಮನಿಸಿ ನೋಡಿ.

ಲೆಕ್ಕದ_ಪುಸ್ತಕ

ಅತ್ತೆ, ನೀವು ಹೇಳಿದ್ದು ತುಂಬಾ ಮುಖ್ಯವಾದ ಮಾತು. ಮಿಲ್ವಾಕಿಯ ವೌಚರ್‌ನಲ್ಲೂ ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಶಾಲೆಯವರು ಲಾಟರಿ ಎತ್ತಬೇಕು. ಅರಿಜೋನಾದಲ್ಲಿ ಅಂಥ ಕಟ್ಟುಪಾಡು ಇಲ್ಲ. ಪ್ರೈವೇಟ್ ಶಾಲೆ ಯಾರನ್ನು ಬೇಕಾದರೂ ಆರಿಸಬಹುದು, ಬಿಡಬಹುದು. ರಾಜ್ಯದ ಪರೀಕ್ಷೆ ಬರೆಸಬೇಕು ಅಂತಲೂ ಇಲ್ಲ. ಹಾಗಾಗಿ ಮಕ್ಕಳು ಅಲ್ಲಿ ಎಷ್ಟು ಕಲಿತರು ಅಂತ ಸರ್ಕಾರಿ ಶಾಲೆಯ ಜೊತೆ ಹೋಲಿಸಿ ನೋಡುವ ದಾರಿಯೂ ಇಲ್ಲ.

ಮೆಸಾ_ಮನೆಪಾಠ

ಈ ಮಾತನ್ನು ಒಪ್ಪುತ್ತೇನೆ. ನಾನು ಮನೆಯಲ್ಲಿ ಓದಿಸುವುದರಿಂದ ಸೀಟಿನ ಪ್ರಶ್ನೆ ನನಗೆ ಬರಲೇ ಇಲ್ಲ. ಗಿಲ್ಬರ್ಟ್ ಅಮ್ಮ, ನೀವು ಬೇಕಾದರೆ ನಮ್ಮ ಮನೆಗೆ ಒಂದು ದಿನ ಬನ್ನಿ. ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ ಓದಿಸುವ ಒಬ್ಬ ಟ್ಯೂಟರ್ ನನಗೆ ಗೊತ್ತು. ಇಎಸ್‌ಎ ಇಲ್ಲದೆಯೂ ವಾರಕ್ಕೊಂದು ದಿನ ಹೋಗಬಹುದು.

ಗಿಲ್ಬರ್ಟ್_ಅಮ್ಮ

ಬುಧವಾರ ಹೋಗಿ ಬಂದೆವು. ಬರೆಯಲು ಎರಡು ದಿನ ಬೇಕಾಯಿತು.

ಶಾಲೆ ಚೆನ್ನಾಗಿದೆ. ಹಸಿರು ಹುಲ್ಲು, ಚಿಕ್ಕ ಕ್ಲಾಸುಗಳು. ಮಗನಿಗೆ ಖುಷಿಯಾಯಿತು, ಅಲ್ಲಿ ಒಂದು ಆಮೆ ಸಾಕಿದ್ದಾರೆ. ಅವನನ್ನು ಒಂದು ರೂಮಿಗೆ ಕರೆದುಕೊಂಡು ಹೋಗಿ ನಲವತ್ತು ನಿಮಿಷ ಓದಿಸಿ ಬರೆಸಿದರು. ನಾವು ಹೊರಗೆ ಕೂತಿದ್ದೆವು. ಆಮೇಲೆ ಅಡ್ಮಿಷನ್ ನೋಡಿಕೊಳ್ಳುವವರು ಬಂದು ತುಂಬಾ ಮೆತ್ತಗೆ ಮಾತಾಡಿದರು. ಹುಡುಗ ಬಹಳ ಒಳ್ಳೆಯವನು, ಆದರೆ ನಮ್ಮಲ್ಲಿ ಓದಿನ ವಿಶೇಷ ಟೀಚರ್ ಇಲ್ಲ, ಎರಡನೇ ಕ್ಲಾಸಿಗೆ ಹಾಕಿದರೆ ನೋಡಬಹುದು, ಅದೂ ಹೊರಗೆ ನಿಮ್ಮ ಖರ್ಚಿನಲ್ಲಿ ಟ್ಯೂಷನ್ ಕೊಡಿಸಿದರೆ ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಇದ್ದದ್ದನ್ನು ಹೇಳಿದರು.

ಕಾರಿನಲ್ಲಿ ಮಗ ಕೇಳಿದ, "ಅಮ್ಮ, ನಾನು ಆ ಪರೀಕ್ಷೆಯಲ್ಲಿ ಪಾಸಾದೆನಾ?" ಅದು ಪರೀಕ್ಷೆ ಅಲ್ಲ ಕಂದ ಅಂದೆ. ಅವನು ಕಿಟಕಿಯ ಕಡೆ ತಿರುಗಿದ.

23 ಸಾವಿರದ ಶಾಲೆ ನಮ್ಮ ಕೈಗೆ ಎಟುಕುವುದಿಲ್ಲ. ಇಎಸ್‌ಎ ದುಡ್ಡು ಕಳೆದರೂ ಹದಿನೈದು ಸಾವಿರದ ಮೇಲೆ ನಾವು ಹಾಕಬೇಕು.

ಅವತ್ತೇ ರಾತ್ರಿ ಪಾಠದ ಮೇಡಂ ಹೇಳಿದ ಹಾಗೆ ಲೆಕ್ಕ ಹಾಕಿದೆ. ರಜೆ ಕಳೆದು ಹದಿನಾರು ವಾರ, ವಾರಕ್ಕೆ ಎರಡು ಗಂಟೆ, ಒಟ್ಟು 32 ಗಂಟೆ. ಶಾಲೆಗೆ ಇಮೇಲ್ ಕಳಿಸಿದೆ. ಆ ಹನ್ನೊಂದು ಹಾಳೆಯನ್ನೂ ಸ್ಕ್ಯಾನ್ ಮಾಡಿ ಜೊತೆಗೆ ಹಾಕಿದೆ. ನಾಲ್ಕು ತಿಂಗಳಲ್ಲಿ ಬಾಯಿಮಾತಲ್ಲಿ ಕೇಳಿದಾಗ ಸಿಗದ ಉತ್ತರ ಎರಡೇ ದಿನಕ್ಕೆ ಬಂತು. ಮುಂದಿನ ಮಂಗಳವಾರ ಐಇಪಿ ಸಭೆ.

ಕರಾರಿಗೆ ಸಹಿ ಹಾಕಿಲ್ಲ. ಸಭೆ ಮುಗಿಯುವವರೆಗೆ ಹಾಕುವುದಿಲ್ಲ.

ಫ್ರಿಸ್ಕೊ_ಹೊಸಬ

ಮೇಡಂ, ಆ ಇಮೇಲ್‌ನಲ್ಲಿ ಏನು ಬರೆದಿರಿ ಅಂತ ಹೇಳಬಹುದಾ? ನಮ್ಮ ಮಗಳಿಗೂ ಮಾತಿನ ತೊಂದರೆ ಇದೆ, ಸ್ಪೀಚ್ ಪಾಠ ತಪ್ಪುತ್ತಿದೆ. ಕೇಳಲು ಹೆದರಿಕೆ, ನಾವು ವೀಸಾದಲ್ಲಿ ಇರುವವರು.

ಪಾಠದ_ಮೇಡಂ

ಹೆದರಬೇಡಿ ಸರ್. ಈ ಹಕ್ಕು ಶಾಲೆಯಲ್ಲಿರುವ ಮಗುವಿನದ್ದು. ಅಪ್ಪ ಅಮ್ಮನ ವೀಸಾ ಯಾವುದು ಅಂತ ಆ ಕಾನೂನು ಕೇಳುವುದೇ ಇಲ್ಲ. ಇವತ್ತೇ ಬರೆಯಿರಿ.

ಗಿಲ್ಬರ್ಟ್_ಅಮ್ಮ

ಖಂಡಿತ. ದೊಡ್ಡದೇನೂ ಬರೆದಿಲ್ಲ, ನಾಲ್ಕೇ ಮಾತು. ಮಗನ ಹೆಸರು, ಕ್ಲಾಸು. ಐಇಪಿಯಲ್ಲಿ ಇಂಥ ಪುಟದಲ್ಲಿ ವಾರಕ್ಕೆ ಇಷ್ಟು ಪಾಠ ಅಂತ ಇದೆ. ಇಂಥ ತಾರೀಖಿನಿಂದ ಅದು ನಡೆದಿಲ್ಲ, ಒಟ್ಟು ಇಷ್ಟು ಗಂಟೆ ತಪ್ಪಿದೆ. ಐಇಪಿ ಸಭೆ ಕರೆಯಿರಿ ಮತ್ತು ತಪ್ಪಿದ ಗಂಟೆಗಳನ್ನು ಹೇಗೆ ತುಂಬಿಕೊಡುತ್ತೀರಿ ಅಂತ ಬರೆದು ತಿಳಿಸಿ. ಸಿಟ್ಟಿನ ಮಾತು ಒಂದೂ ಹಾಕಲಿಲ್ಲ. ಮೊದಲು ಹಾಕಿದ್ದೆ, ಯಜಮಾನರು ತೆಗೆಸಿದರು.

ಪಾಠದ_ಮೇಡಂ

ಚೆನ್ನಾಗಿ ಬರೆದಿದ್ದೀರಿ. ಮಂಗಳವಾರ ಒಬ್ಬರೇ ಹೋಗಬೇಡಿ. ಮಗುವನ್ನು ಬಲ್ಲವರನ್ನೋ ಈ ವಿಷಯ ಬಲ್ಲವರನ್ನೋ ಜೊತೆಗೆ ಕರೆದುಕೊಂಡು ಹೋಗುವ ಹಕ್ಕು ನಿಮಗಿದೆ. ಆ ಮೇಜಿನ ಆಚೆ ಐದಾರು ಜನ ಕೂತಿರುತ್ತಾರೆ. ಅವರು ಒಪ್ಪಿದ್ದನ್ನೆಲ್ಲ ಅಲ್ಲೇ ಬರೆಸಿಕೊಳ್ಳಿ. ಯಾವ ವಾರದಿಂದ, ಯಾರು, ಎಷ್ಟು ಹೊತ್ತು ಅಂತ ತಾರೀಖಿನ ಸಮೇತ.

ತುಮಕೂರು_ಟು_ಟೆಂಪಿ

ಅಕ್ಕ, ಮಂಗಳವಾರ ನನಗೆ ರಜೆ ಹಾಕಬಹುದು. ಇಂಥ ಸಭೆಗಳಲ್ಲಿ ನಾನು ಏಳು ಸಲ ಕೂತಿದ್ದೇನೆ. ಎಷ್ಟು ಗಂಟೆಗೆ, ಯಾವ ಗೇಟಿನ ಹತ್ತಿರ ಬರಲಿ ಅಂತ ಹೇಳಿ.

ಗಿಲ್ಬರ್ಟ್_ಅಮ್ಮ

ಬೆಳಿಗ್ಗೆ 8:15ಕ್ಕೆ ಸಭೆ. ಗೇಟು ಯಾವುದು ಅಂತ ಮೆಸೇಜ್ ಮಾಡುತ್ತೇನೆ. ಎಂಟಕ್ಕೇ ಬನ್ನಿ ಅಣ್ಣ, ಫ್ಲಾಸ್ಕಿನಲ್ಲಿ ಕಾಫಿ ತರುತ್ತೇನೆ.